ಸಾಧಾರಣ ಮನುಷ್ಯನ ಕಿವಿ

ಹನ್ನೊಂದು ಗಂಟೆಗೆ ಕೇಳಿಸಿಕೊಂಡ ಕೂಗನ್ನು ಮೂರು ಗಂಟೆಯ ಹೊತ್ತಿಗೆ ಅರ್ಧ ಮರೆತಿರಬೇಕು. ಪೂರ್ತಿ ಮರೆಯುವ ಹಾಗಿಲ್ಲ, ಪೂರ್ತಿ ನೆನಪಿಟ್ಟುಕೊಳ್ಳುವ ಹಾಗೂ ಇಲ್ಲ. ಅವನ ಈ ದಿನದ ಕೆಲಸ ಅಷ್ಟೇ. ವಿಚಾರಣೆಯ ಕೋಣೆಯಿಂದ ಹೊರಗೆ ಬಂದು, ಕಾರಿಡಾರಿನ ಕೊನೆಯ ಕಿಟಕಿಯ ಬಳಿ ನಿಂತು, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅವನು ಮರೆಯಲು ಶುರುಮಾಡಿದ. ಕೂಗು ದೊಡ್ಡದೇನಲ್ಲ. ಒಂದು ಉದ್ದನೆಯ ‘ಓ’, ಅದರ ಬೆನ್ನಿಗೇ ಎರಡು ‘ಹೊಯ್’, ಆಮೇಲೆ ಮೂರು ಚಪ್ಪಾಳೆ. ಫುಟ್‌ಬಾಲ್ ಮೈದಾನದಲ್ಲಿ ಸಾವಿರಾರು ಜನ ಒಂದೇ ಉಸಿರಿಗೆ ಕೂಗುವಂಥದ್ದು. ಮರೆಯಬೇಕಾದರೆ ಏನನ್ನು ಮರೆಯಬೇಕು ಎಂಬುದು ಗೊತ್ತಿರಬೇಕಲ್ಲ, ಅದಕ್ಕೆ ಒಂದು ಸಲ ಮನಸ್ಸಿನಲ್ಲೇ ಕೂಗಿಕೊಂಡ. ಅದು ಮೊದಲಿಗಿಂತ ಭದ್ರವಾಗಿ ಕೂತುಬಿಟ್ಟಿತು. ಹಾಳಾಗಿ ಹೋಗಲಿ ಎಂದು ಹದಿನೇಳರ ಮಗ್ಗಿ ಹೇಳತೊಡಗಿದ. ಹದಿನೇಳು ಮೂರಲೆ ಐವತ್ತೊಂದಕ್ಕೆ ಬರುವಷ್ಟರಲ್ಲಿ ಮಗ್ಗಿಯ ಬಾಲಕ್ಕೂ ಒಂದು ‘ಹೊಯ್’ ಅಂಟಿಕೊಂಡಿತ್ತು.

ಅವನು ಟ್ರೇಡ್‌ಮಾರ್ಕ್ ಕಚೇರಿಯ ದಾಖಲೆ ಕೋಣೆಯ ಗುಮಾಸ್ತ. ಇದು ನನ್ನ ಹೆಸರು, ಇದು ನನ್ನ ಚಿತ್ರ, ಬೇರೆ ಯಾರೂ ಮುಟ್ಟಕೂಡದು ಎಂದು ಜನ ಅರ್ಜಿ ಹಾಕುವ ಕಚೇರಿ ಅದು. ಈಚೆಗೆ ಸದ್ದುಗಳಿಗೂ ಅರ್ಜಿ ಬರುತ್ತಿವೆ. ಫುಟ್‌ಬಾಲ್ ತಂಡವನ್ನು ಕೊಂಡುಕೊಂಡ ಕಂಪನಿಯೊಂದು ತಂಡದ ಜೊತೆಗೆ ಅಭಿಮಾನಿಗಳ ಕೂಗೂ ತನ್ನದೆಂದು ಅರ್ಜಿ ಹಾಕಿದೆ. ಇಪ್ಪತ್ತು ವರ್ಷದಿಂದ ಅಗ್ಗದ ಟಿಕೆಟ್ಟಿನ ಗ್ಯಾಲರಿಯಲ್ಲಿ ನಿಂತು ಆ ಕೂಗನ್ನು ಎಬ್ಬಿಸುತ್ತ ಬಂದ ಒಬ್ಬ ಕ್ಷೌರಿಕ, ಗ್ಯಾಲರಿಯವರೆಲ್ಲ ಗಂಟಲಣ್ಣ ಎಂದು ಕರೆಯುವ ಮನುಷ್ಯ, ಅದು ನನ್ನ ಕೂಗು ಎಂದು ತಕರಾರು ಎತ್ತಿದ್ದಾನೆ. ಕಂಪನಿ ನಮ್ಮದು ಬೇರೆ, ಅವನದು ಬೇರೆ ಎನ್ನುತ್ತದೆ. ಗಂಟಲಣ್ಣ ಎರಡೂ ಒಂದೇ ಎನ್ನುತ್ತಾನೆ. ತೀರ್ಮಾನ ಹೇಳಬೇಕಾದವರು ವಿಚಾರಣೆಯ ಅಧಿಕಾರಿ, ಮೇಡಂ. ಅವರಿಗೆ ಕಾನೂನು ಹೇಳುವುದಿಷ್ಟು: ಇಂಥ ಜಗಳಗಳಲ್ಲಿ ಪಂಡಿತರ ಕಿವಿ ಬೇಡ, ಸಾಧಾರಣ ಬುದ್ಧಿಯ, ಅರೆಬರೆ ನೆನಪಿನ ಒಬ್ಬ ಮನುಷ್ಯನಿಗೆ ಗೊಂದಲವಾಗುತ್ತದೆಯೇ ನೋಡಿ. ಗೊಂದಲವಾದರೆ ಎರಡೂ ಒಂದೇ ಎಂದು ಲೆಕ್ಕ, ಮೊದಲು ಕೂಗಿದ ಗಂಟಲಣ್ಣ ಗೆದ್ದ. ಆಗದಿದ್ದರೆ ಕಂಪನಿ ಗೆದ್ದಿತು. ಬೇರೆ ಕಚೇರಿಗಳಲ್ಲಿ ಅಂಥ ಮನುಷ್ಯನನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳುತ್ತಾರಂತೆ. ಈ ಕಚೇರಿಯಲ್ಲಿ ಆ ಮನುಷ್ಯ ಸಂಬಳಕ್ಕೇ ಇದ್ದ. ಅವನಿಗೆಂದು ಗೋಡೆಯ ಪಕ್ಕ ಒಂದು ಕೈಯಿಲ್ಲದ ಕುರ್ಚಿಯೂ ಇತ್ತು.

ಹನ್ನೊಂದು ವರ್ಷದ ಹಿಂದೆ ಇದೆಲ್ಲ ಶುರುವಾದದ್ದು ಎರಡು ಸೋಪಿನ ಹೊದಿಕೆಗಳಿಂದ. ಮೇಡಂಗಿಂತ ಹಿಂದೆ ಇದ್ದ ಅಧಿಕಾರಿ ಒಂದನ್ನು ಬೆಳಿಗ್ಗೆ ತೋರಿಸಿ, ಇನ್ನೊಂದನ್ನು ಸಂಜೆ ತೋರಿಸಿ, “ಬೆಳಿಗ್ಗೆ ನೋಡಿದ್ದು ಇದೇನಾ?” ಎಂದು ಕೇಳಿದ್ದರು. ಕಡತ ಹೊತ್ತುಕೊಂಡು ನಿಂತಿದ್ದ ಅವನು “ಇದೇ ಇರ್ಬೇಕು ಸರ್” ಅಂದ. ಅಧಿಕಾರಿ ಮೇಜು ಕುಟ್ಟಿ, “ಸಾಧಾರಣ ಮನುಷ್ಯ ಅಂದ್ರೆ ಇವ್ನು ನೋಡ್ರಿ!” ಅಂದರು. ಅವನು ಹಿಗ್ಗಿಹೋದ. ಅದನ್ನು ಹೊಗಳಿಕೆ ಎಂದೇ ತಿಳಿದಿದ್ದ. ಆಮೇಲೆ ಟೂತ್‌ಪೇಸ್ಟು, ಬನಿಯನ್ನು, ಬೆಂಕಿಪೊಟ್ಟಣ, ಇಲಿ ಪಾಷಾಣ, ಯಾವುದಕ್ಕೆ ಜಗಳ ಬಂದರೂ ಗೊಂದಲಗೊಳ್ಳಲು ಅವನನ್ನೇ ಕರೆದರು. ಆದೇಶಗಳಲ್ಲಿ ಅವನ ಹೆಸರು ಇರುತ್ತಿರಲಿಲ್ಲ. ‘ಸಾಧಾರಣ ಮನುಷ್ಯನಿಗೆ ತೋರಿಸಲಾಗಿ’ ಎಂದಿರುತ್ತಿತ್ತು. ಆ ಸಾಲನ್ನು ಒಮ್ಮೆ ಬೆರಳಲ್ಲಿ ಸವರಿ ಅವನು ಕಡತ ಕಟ್ಟುತ್ತಿದ್ದ. ಮನೆಯಲ್ಲಿ ಮಾತ್ರ, ಸಾಹೇಬರು ಆಗಾಗ ಸಲಹೆ ಕೇಳ್ತಾರೆ ಎಂದಷ್ಟೇ ಹೇಳಿದ್ದ. ಹೋದ ಭಾನುವಾರ ಬಟ್ಟೆ ಅಂಗಡಿಯಲ್ಲಿ ಕಚೇರಿಯ ಟೈಪಿಸ್ಟ್ ಎದುರಾದಳು. “ನಮ್ಮ ಸಾಧಾರಣ ಮನುಷ್ಯರ ಮನೆಯವರಾ ನೀವು?” ಎಂದು ಅವನ ಹೆಂಡತಿಯನ್ನು ತುಂಬು ಗೌರವದಿಂದ ಮಾತಾಡಿಸಿಬಿಟ್ಟಳು. ಹೆಂಡತಿ ಅಲ್ಲಿ ಸುಮ್ಮನಿದ್ದವಳು ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ, ಬಾಗಿಲಿಗೆ ಒರಗಿ ಬಿದ್ದು ಬಿದ್ದು ನಕ್ಕಳು. “ಅಲ್ಲಾ ರೀ, ಅಷ್ಟು ದೊಡ್ಡ ಆಫೀಸಲ್ಲಿ ನಿಮಗಿಂತ ಸಾಧಾರಣದವರು ಒಬ್ಬರೂ ಸಿಗಲಿಲ್ವಾ?” ಕಣ್ಣು ಒರೆಸಿಕೊಂಡು ಮತ್ತೆ, “ನಾನು ಯಾವ ಕಾನೂನು ಪುಸ್ತಕ ಓದದೇನೆ ಮದುವೆಯಾದ ವಾರಕ್ಕೇ ಕಂಡುಹಿಡಿದಿದ್ದೆ ಬಿಡಿ.” ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಅವನಿಗೂ ಅದು ಗೊತ್ತು. ಆದರೆ ಒಳಗಿನ ಕೋಣೆಯಿಂದ ಮಗಳು ಫೋನಿನಲ್ಲಿ ಗೆಳತಿಗೆ “ನಮ್ಮಪ್ಪ ಕಾನೂನುಬದ್ಧವಾಗಿ ಸಾಧಾರಣ ಕಣೇ” ಎನ್ನುವುದು ಕೇಳಿಸಿತು. ಆ ರಾತ್ರಿ ಅವನಿಗೆ ಊಟ ಸೇರಲಿಲ್ಲ.

ಆದ್ದರಿಂದ ಸೋಮವಾರ ಸಂಜೆ ಎಲ್ಲರೂ ಹೋದ ಮೇಲೆ ಅವನು ಮಾಡಬಾರದ್ದು ಮಾಡಿದ. ಸಾಧಾರಣ ಮನುಷ್ಯ ಕಡತ ಓದಬಾರದು. ಇದು ಬರೆದಿಟ್ಟ ನಿಯಮವಲ್ಲ, ಅವನು ಓದಿಯಾನು ಎಂದು ಯಾರಿಗೂ ಅನುಮಾನವೇ ಬಂದಿರಲಿಲ್ಲ, ಅಷ್ಟೆ. ಎರಡು ಕಪಾಟುಗಳ ನಡುವೆ ನಿಂತು, ತನ್ನದೇ ಕೈ ಕಟ್ಟಿದ ಗಂಟನ್ನು ಕಳ್ಳನ ಹಾಗೆ ಬಿಚ್ಚಿ, ಪುಟ ಹದಿನಾಲ್ಕನ್ನು ಓದಿದ. ಕಂಪನಿಯ ವಕೀಲರು ಅಲ್ಲಿ ತಮ್ಮ ಕೂಗಿಗೂ ಗಂಟಲಣ್ಣನ ಕೂಗಿಗೂ ಮೂರು ವ್ಯತ್ಯಾಸ ತೋರಿಸಿದ್ದರು. ಕಂಪನಿಯ ‘ಓ’ ಅರ್ಧ ಉಸಿರಿನಷ್ಟು ಹೆಚ್ಚು ಉದ್ದ. ಕಂಪನಿಯ ಎರಡನೆಯ ‘ಹೊಯ್’ ತುದಿಯಲ್ಲಿ ತುಸು ಮೇಲೆ ಏರುತ್ತದೆ. ಕಂಪನಿಯ ಎರಡನೆಯ ಚಪ್ಪಾಳೆಗೂ ಮೂರನೆಯದಕ್ಕೂ ನಡುವೆ ಕಣ್ಣು ಮಿಟುಕಿಸುವಷ್ಟು ಬಿಡುವಿದೆ. ಬುಧವಾರ ಬೆಳಿಗ್ಗೆ ಗಂಟಲಣ್ಣನ ಕೂಗು, ಮಧ್ಯಾಹ್ನ ಕಂಪನಿಯದು ಎಂಬುದೂ ಅಲ್ಲೇ ಇತ್ತು. ಮೂರನ್ನೂ ಬಾಯಿಪಾಠ ಮಾಡಿಕೊಂಡು ಮನೆಗೆ ಹೋದ. ಬುಧವಾರ ಮೂರು ಗಂಟೆಗೆ ಎದ್ದು ನಿಂತು ಒಂದೊಂದನ್ನೇ ಹೇಳುತ್ತಾನೆ. ಮೇಡಂ ಕೈಯಲ್ಲಿನ ಪೆನ್ನು ನಿಲ್ಲುತ್ತದೆ. ಇಷ್ಟು ಸೂಕ್ಷ್ಮ ಕಿವಿಯವರನ್ನು ಇಷ್ಟು ದಿನ ಇಲ್ಲಿ ಕೂರಿಸಿದೆವಾ ಎನ್ನುತ್ತಾರೆ. ಟೈಪಿಸ್ಟ್ ಅದನ್ನು ಟೈಪ್ ಮಾಡುತ್ತಾಳೆ. ಅದರ ಒಂದು ಪ್ರತಿಯನ್ನು ಅವನು ಮನೆಗೆ ಒಯ್ದು, ಏನೂ ಹೇಳದೆ, ಊಟದ ಮೇಜಿನ ಮೇಲೆ ಇಡುತ್ತಾನೆ. ಇದರಲ್ಲಿ ಗಂಟಲಣ್ಣನ ಗತಿ ಏನು ಎಂಬ ಪ್ರಶ್ನೆ ಆ ಕನಸಿನ ಅಂಚಿನಲ್ಲಿ ಬಂದು ನಿಲ್ಲುತ್ತಿತ್ತು. ಅವನು ಅದಕ್ಕೆ ಆಮೇಲೆ ಬಾ ಎನ್ನುತ್ತಿದ್ದ.

ಇವತ್ತು ಬುಧವಾರ. ಬೆಳಿಗ್ಗೆ ಅವನಿಗೆ ಗಂಟಲಣ್ಣನ ಕೂಗು ಕೇಳಿಸಿ ಆಗಿದೆ. ಊಟದ ಹೊತ್ತಿಗೆ ಅದು ಕಚೇರಿಗೆಲ್ಲ ಹಬ್ಬಿಬಿಟ್ಟಿತ್ತು. ವಿಚಾರಣೆಯ ಕೋಣೆಯ ಬಾಗಿಲು ತೆಳು, ಕೂಗಿನ ಎಳೆತ ಜಾಸ್ತಿ. ಲೆಕ್ಕ ವಿಭಾಗದವನು ಮುಚ್ಚಳ ತೆಗೆಯುತ್ತ ‘ಓ’ ಅಂದರೆ, ಅಂಚೆ ವಿಭಾಗದವನು ಡಬ್ಬಿಗೆ ಚಮಚ ಬಡಿದು ಚಪ್ಪಾಳೆ ಮುಗಿಸುತ್ತಿದ್ದ. ಟೈಪಿಸ್ಟ್ ಓಡಿಬಂದು ಎಲ್ಲರಿಗೂ ಬಾಯಿ ಮುಚ್ಚಲು ಸನ್ನೆ ಮಾಡಿದಳು. “ಸರ್ ಮರೀತಾ ಇದಾರೆ, ಗಲಾಟೆ ಮಾಡ್ಬೇಡಿ!” ಎಲ್ಲರೂ ಅವನತ್ತ ತಿರುಗಿ, ರೋಗಿಯನ್ನು ನೋಡುವ ಹಾಗೆ ನೋಡಿ, ಗುಸುಗುಸು ಮಾತಿಗಿಳಿದರು. “ಎಷ್ಟಾಯ್ತು ಸರ್, ಅರ್ಧ ಮರೆತ್ರಾ?” ಎಂದಳು ಅವಳು ಕಾಳಜಿಯಿಂದ. “ಹತ್ತಿರ ಹತ್ತಿರ,” ಎಂದ ಅವನು. ಸುಳ್ಳು. ಅವಳು ಸಮಾಧಾನದ ಉಸಿರು ಬಿಟ್ಟಳು. ಪಾಪ, ಅವಳಿಗೂ ಜವಾಬ್ದಾರಿ ಕಡಿಮೆಯದಲ್ಲ. ಎರಡು ಕೂಗುಗಳನ್ನೂ ಒಂದೇ ಕೋಣೆಯಲ್ಲಿ, ಅದೇ ಹನ್ನೆರಡು ಜನರಿಂದ ಕೂಗಿಸಿ, ಒಂದೇ ಥರದ ಎರಡು ಕಪ್ಪು ಪೆನ್‌ಡ್ರೈವಿನಲ್ಲಿ ಹಾಕಿಸಿದ್ದರು. ಯಾವುದು ಯಾರದು ಎಂದು ಅವನಿಗೆ ಕಣ್ಣಲ್ಲೇ ಗೊತ್ತಾಗಬಾರದು ಎಂದು ಅವುಗಳ ಮೇಲೆ ಒಂದು ಗುರುತೂ ಹಾಕದೆ, ಬೇರೆ ಬೇರೆ ಲಕೋಟೆಯಲ್ಲಿ ಅರಗಿನ ಮುದ್ರೆ ಒತ್ತಿ ಅವಳ ವಶಕ್ಕೆ ಕೊಟ್ಟಿದ್ದರು. ಅವಳು ಬೆಳಗಿನಿಂದ ವಿಚಾರಣೆಯ ಕೋಣೆಯ ಬೀಗದ ಕೈಯನ್ನು ಕುತ್ತಿಗೆಗೆ ಹಾಕಿಕೊಂಡು ತಿರುಗುತ್ತಿದ್ದಳು.

ಕೈ ತೊಳೆಯಲು ಹೋದಾಗ ನಲ್ಲಿಯ ಹತ್ತಿರ ಗಂಟಲಣ್ಣ ನಿಂತಿದ್ದ. ಹೆಸರು ಕೇಳಿ ದೊಡ್ಡ ಆಳು ಇರಬೇಕೆಂದುಕೊಂಡಿದ್ದ ಅವನಿಗೆ ಬೆಳಿಗ್ಗೆ ಕೋಣೆಯಲ್ಲಿ ನೋಡಿದಾಗಲೇ ಒಂಥರಾ ಮೋಸವಾದಂತಾಗಿತ್ತು. ಸಣ್ಣ ಮೈ, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಬಾಚಣಿಗೆ. ಬೋಗುಣಿಗೆ ಬಾಗಿ ಬಾಯಿ ಮುಕ್ಕಳಿಸಿ ಉಗುಳುತ್ತಿದ್ದ. ಇಬ್ಬರೂ ಮಾತಾಡಬಾರದು ಎಂದು ಇಬ್ಬರಿಗೂ ಗೊತ್ತಿತ್ತು. ಅವನು ಕನ್ನಡಿಯಲ್ಲಿ ತನ್ನ ಹಲ್ಲು ನೋಡಿಕೊಳ್ಳುವವನಂತೆ ನಟಿಸಿದ. ಗಂಟಲಣ್ಣ ಅದೇ ಕನ್ನಡಿಯಲ್ಲಿ ಅವನ ತಲೆ ನೋಡುತ್ತಿದ್ದ.

“ಕೇಸಿನ ಮಾತಲ್ಲ ಸರ್, ಬೇರೆ. ಈ ಕಟಿಂಗು ಯಾರು ಮಾಡಿದ್ದು?”

“ಯಾಕೆ?”

“ಎಡಗಡೆ ಒಂದು ಸುತ್ತು ಜಾಸ್ತಿ ಇದೆ. ಮಾಡಿದವ್ರಿಗೆ ನಿಮ್ಮ ಮೇಲೆ ಗಮನ ಇರ್ಲಿಲ್ಲ ಅನ್ಸುತ್ತೆ.”

ಅವನ ಕೈ ತಾನಾಗಿ ಎಡಗಿವಿಯ ಮೇಲೆ ಹೋಯಿತು. ತಿಂಗಳಾನುಗಟ್ಟಲೆ ಹೀಗೇ ತಿರುಗಿದ್ದೇನೆ, ಯಾರೂ ಹೇಳಲಿಲ್ಲ, ಹೆಂಡತಿ ಸಹ ಹೇಳಲಿಲ್ಲ ಎನ್ನಿಸಿ, ಅಳು ಬರುವಂಥ ಒಂದು ಸಿಟ್ಟು ಬಂತು. ಗಂಟಲಣ್ಣ ಕರವಸ್ತ್ರದಿಂದ ಬಾಯಿ ಒರೆಸಿಕೊಂಡು, ಉಪ್ಪುನೀರಲ್ಲಿ ಮುಕ್ಕಳಿಸೋದು ಹಳೇ ಅಭ್ಯಾಸ ಸರ್, ಈಗ ಸುಮ್ನೆ, ಅಂದ. ಈಗ ಗ್ಯಾಲರಿಗೆ ಹೋದರೆ ಬಾಯಿ ಮುಚ್ಚಿಕೊಂಡು ಕೂರುವುದಂತೆ. ಕೂಗಿದರೆ ಹೊರಗೆ ಕಳಿಸುತ್ತೇವೆ ಎಂದು ಕಂಪನಿಯವರು ಗೇಟಿನಲ್ಲೇ ಒಂದು ಕಾಗದ ಕೊಟ್ಟಿದ್ದಾರಂತೆ. ಹೋದ ಪಂದ್ಯದಲ್ಲಿ ತಡೆಯಲಾಗದೆ ಬರೀ ‘ಓ’ ಅಂದುಬಿಟ್ಟನಂತೆ. ಅಷ್ಟಕ್ಕೇ ಕಾವಲಿನವನು ಬಂದು ಭುಜ ಮುಟ್ಟಿದನಂತೆ. “ಆಕಳಿಕೆ ಅಂದೆ ಸರ್. ಸಂಜೆ ಐದು ಗಂಟೆಗೆ, ಗೋಲು ಬೀಳೋ ಹೊತ್ತಿಗೆ ಯಾರಿಗಾದ್ರೂ ಆಕಳಿಕೆ ಬರುತ್ತಾ?” ನಗುತ್ತಲೇ ಹೇಳಿದ. ಆದರೆ ಆಡಿದ್ದು ಕೇಸಿನ ಮಾತು ಎಂದು ಹೊಳೆದು, ಬೆಚ್ಚಿ, ಕಿವಿ ಹಿಡಿದುಕೊಂಡು, ತಪ್ಪಾಯ್ತು ತಪ್ಪಾಯ್ತು ಎನ್ನುತ್ತ ಹೊರಟುಹೋದ. ಅವನಿಗೆ ಆ ಮನುಷ್ಯನ ಮೇಲೆ ಮರುಕ ಬಂತು, ಬಂದದ್ದಕ್ಕೆ ರೇಗಿತು. ನಾನೇನು ಇವನ ಗಂಟಲಿಗೆ ಬೀಗ ಹಾಕಿದವನೇ? ನನ್ನ ಮನೆಯಲ್ಲಿ ನನ್ನನ್ನು ನೋಡಿ ನಗುತ್ತಾರೆ, ಅದಕ್ಕೆ ಇವನು ಅರ್ಜಿ ಹಾಕುತ್ತಾನೆಯೇ? ಕನ್ನಡಿಯಲ್ಲಿ ನೋಡಿಕೊಂಡರೆ ಎಡಗಡೆ ನಿಜವಾಗಿಯೂ ಜಾಸ್ತಿ ಇತ್ತು.

ಮೂರು ಗಂಟೆಗೆ ಎಲ್ಲರೂ ಕೂತರು. ಮೇಡಂ, ಅವರ ಬಲಕ್ಕೆ ಕಂಪನಿಯ ವಕೀಲರು, ಎಡಕ್ಕೆ ಗಂಟಲಣ್ಣ ಒಬ್ಬನೇ, ಮೂಲೆಯಲ್ಲಿ ಕಂಪ್ಯೂಟರಿನ ಎದುರು ಟೈಪಿಸ್ಟ್. ಅವನು ತನ್ನ ಕೈಯಿಲ್ಲದ ಕುರ್ಚಿಯಲ್ಲಿ, ತೊಡೆಯ ಮೇಲೆ ಅಂಗೈ ಊರಿ ಕೂತ. “ಎರಡನೇದು ಹಾಕಮ್ಮ,” ಎಂದರು ಮೇಡಂ. ಸದ್ದು ಬಂತು. ಅವನು ಕಣ್ಣು ಮುಚ್ಚಿದ. ಎಂಥ ಸ್ಪಷ್ಟ! ‘ಓ’ ಅರ್ಧ ಉಸಿರಿನಷ್ಟು ಹೆಚ್ಚೇ ಇತ್ತು, ಅವನ ಎದೆಯೊಳಗೇ ಯಾರೋ ಎಳೆದ ಹಾಗೆ. ಎರಡನೆಯ ‘ಹೊಯ್’ ತುದಿಗೆ ಹೋಗಿ ಹುಬ್ಬೇರಿಸಿತು. ಚಪ್ಪಾಳೆ, ಚಪ್ಪಾಳೆ, ಆ ಪುಟ್ಟ ಬಿಡುವು, ಚಪ್ಪಾಳೆ. ಓದದೆ ಇದ್ದಿದ್ದರೂ ನನಗೆ ಇದು ಕೇಳುತ್ತಿತ್ತು ಎಂದು ಅವನಿಗೆ ಅನ್ನಿಸಿ ಮೈ ಜುಮ್ಮೆಂದಿತು. ಹಾಗಾದರೆ ನಾನು ಮೊದಲಿಂದಲೂ ಸಾಧಾರಣದವನಲ್ಲ. ಸೋಪು, ಬನಿಯನ್ನು, ಇಲಿ ಪಾಷಾಣ, ಅಲ್ಲೆಲ್ಲ ನಾನು ಸರಿಯಾಗಿ ನೋಡಿರಲಿಲ್ಲ ಅಷ್ಟೆ. ಎದುರಿಗೆ ಗಂಟಲಣ್ಣ ಎರಡೂ ಕೈಯನ್ನು ಮಂಡಿಗಳ ನಡುವೆ ಸೇರಿಸಿಕೊಂಡು ಅವನ ಬಾಯನ್ನೇ ನೋಡುತ್ತಿದ್ದ. ಅವನು ಆ ಮುಖದಿಂದ ಕಣ್ಣು ತಪ್ಪಿಸಿ ಮೇಡಂ ಪೆನ್ನನ್ನು ನೋಡಿದ.

“ಬೆಳಿಗ್ಗೆ ಕೇಳಿದ್ದು ಇದೇನಾ?”

“ಅಲ್ಲ ಮೇಡಂ,” ಎಂದ. ಎದ್ದು ನಿಂತ. ಸಾಧಾರಣ ಮನುಷ್ಯ ಎದ್ದು ನಿಲ್ಲುವ ಪದ್ಧತಿ ಇರಲಿಲ್ಲ. “ಮೂರು ವ್ಯತ್ಯಾಸ ಇವೆ.” ಒಂದೊಂದಾಗಿ ಹೇಳಿದ. ‘ಓ’ ಎಳೆದು ತೋರಿಸಿದ, ಹುಬ್ಬೇರಿಸಿ ‘ಹೊಯ್’ ಅಂದ, ಚಪ್ಪಾಳೆಯನ್ನು ಬಿಡುವಿನ ಸಮೇತ ತಟ್ಟಿದ. ಕಂಪನಿಯ ವಕೀಲರು ಪ್ರತಿ ವ್ಯತ್ಯಾಸಕ್ಕೂ ತಲೆದೂಗಿ, ಮೂರನೆಯದಕ್ಕೆ ಆಹಾ ಎಂದುಬಿಟ್ಟರು. “ನೋಡಿ ಮೇಡಂ, ನಮ್ಮ ಕೂಗಿನ ಆ ಏರು! ಅವರ ಕೂಗಲ್ಲಿ ಅದು ಎಲ್ಲಿದೆ?” ಮೇಡಂ ಪೆನ್ನು ನಿಂತಿತು. ಎಲ್ಲವೂ ಅವನು ಅಂದುಕೊಂಡ ಹಾಗೇ ಆಗುತ್ತಿತ್ತು. ಗಂಟಲಣ್ಣ ತಲೆ ತಗ್ಗಿಸಿ ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದ. ಅದೊಂದನ್ನು ಅವನು ಅಂದುಕೊಂಡಿರಲಿಲ್ಲ. ಮೆಲ್ಲಗೆ ಕುರ್ಚಿಯಲ್ಲಿ ಕೂತ.

ಆಗ ಮೂಲೆಯಿಂದ “ಅಯ್ಯೋ” ಎಂಬ ಸಣ್ಣ ಧ್ವನಿ ಬಂತು. ಟೈಪಿಸ್ಟ್ ಎದ್ದು ನಿಂತಿದ್ದಳು. ಅವಳ ಕೈಯಲ್ಲಿ ಒಂದು ಲಕೋಟೆ. ಅದರ ಅರಗಿನ ಮುದ್ರೆ ಒಡೆದೇ ಇರಲಿಲ್ಲ.

“ಮೇಡಂ, ಎರಡನೇದು ಇಲ್ಲೇ ಇದೆ. ಬೆಳಗಿನದನ್ನ ಮಷೀನಿನಿಂದ ತೆಗೆದೇ ಇಲ್ಲ. ಊಟಕ್ಕೆ ಹೋಗೋ ಅವಸರ… ಅದನ್ನೇ ಮತ್ತೆ ಹಾಕ್ಬಿಟ್ಟೆ.”

ಗೋಡೆಯ ಮೇಲಿನ ಫ್ಯಾನು ತಿರುಗುತ್ತಿತ್ತು. ಬೆಳಿಗ್ಗೆ ಕೇಳಿದ ಕೂಗನ್ನೇ ಮಧ್ಯಾಹ್ನ ಕೇಳಿ ಅದರಲ್ಲಿ ಮೂರು ವ್ಯತ್ಯಾಸ ಕಂಡುಹಿಡಿದ ಮನುಷ್ಯ ಕುರ್ಚಿಯಲ್ಲಿ ಇನ್ನಷ್ಟು ಚಿಕ್ಕವನಾದ. ಕಿವಿಯ ತುದಿಯಿಂದ ಶುರುವಾದ ಬಿಸಿ ಕುತ್ತಿಗೆಗೆ ಇಳಿದು ಅಂಗಿಯೊಳಗೆ ಹೋಯಿತು. ಈಗ ನೆಲ ಬಾಯಿಬಿಟ್ಟರೆ ಸಾಕು ಎಂದು ನೆಲವನ್ನು ನೋಡಿದ. ಮೇಡಂ ಮೊದಲು ತಿರುಗಿದ್ದು ಅವನ ಕಡೆಗಲ್ಲ, ವಕೀಲರ ಕಡೆಗೆ.

“ಈಗ ಕೇಳಿಸಿದ್ದು ಅವರ ಕೂಗು. ನೀವು ನಮ್ಮ ಕೂಗಿನ ಏರು ಅಂತ ತಲೆದೂಗಿದ್ರಿ.”

“ಮೇಡಂ, ಅದು… ಆ ಗುಮಾಸ್ತರು ಅಷ್ಟು ಖಚಿತವಾಗಿ ಹೇಳಿದ್ರಿಂದ…”

“ನೀವು ಯಾಕೆ ಸುಮ್ಮನಿದ್ರಿ?” ಎಂದರು ಗಂಟಲಣ್ಣನಿಗೆ.

“ನಂಗೆ ಅನುಮಾನ ಬಂತು ಮೇಡಂ. ಆದ್ರೆ ಎರಡೂ ಒಂದೇ ಅಂತ ಅರ್ಜಿಯಲ್ಲಿ ಬರ್ಕೊಟ್ಟವನು ನಾನೇ. ಇದು ಅವ್ರದಲ್ಲ, ನಂದು ಅಂತ ಹೇಗೆ ಹೇಳ್ಲಿ?”

ಮೇಡಂ ಕನ್ನಡಕ ತೆಗೆದು ಮೂಗಿನ ಬುಡ ಒತ್ತಿಕೊಂಡರು. ನಗು ತಡೆಯುತ್ತಿದ್ದರೋ ತಲೆನೋವೋ ತಿಳಿಯಲಿಲ್ಲ. ಆಮೇಲೆ ಅವನತ್ತ ನೋಡಿ, “ಪುಟ ಹದಿನಾಲ್ಕು ಓದಿದ್ರಾ?” ಎಂದರು. ಓದಿಲ್ಲ ಎನ್ನಬಹುದಿತ್ತು. ನಾಲಗೆ ಅದಕ್ಕೆ ಸಿದ್ಧವೂ ಆಗಿತ್ತು. “ಓದಿದೆ ಮೇಡಂ,” ಎಂದ. ಲಕೋಟೆ ಒಡೆದು ಕಂಪನಿಯ ಕೂಗನ್ನೂ ಕೇಳಿಸಿದರು. ಅವನು ಮೈಯೆಲ್ಲ ಕಿವಿಯಾಗಿ ಕೇಳಿದ. ಬೇರೆ ಎಂದರೆ ಬೇರೆ, ಒಂದೇ ಎಂದರೆ ಒಂದೇ. ಏನೂ ತಿಳಿಯಲಿಲ್ಲ. ವಕೀಲರು ಈ ಪರೀಕ್ಷೆಯೇ ಕೆಟ್ಟುಹೋಯಿತು, ಇನ್ನೊಮ್ಮೆ ನಡೆಸಬೇಕು ಎಂದು ಕೂಗಾಡಿದರು. ಮೇಡಂ ಬೇಡವೆಂದರು. ಮೊದಲೇ ಓದಿಕೊಂಡು ಬಂದವನು ಇಲ್ಲದ ಕಡೆಯೂ ಈ ಮೂರನ್ನು ಕೇಳುತ್ತಾನೆ, ಅರ್ಜಿ ಹಾಕಿದವರಿಗೆ ತಮ್ಮ ಕೂಗು ಯಾವುದೆಂದು ತಮಗೇ ತಿಳಿಯುವುದಿಲ್ಲ, ಆದ್ದರಿಂದ ವ್ಯತ್ಯಾಸವಿರುವುದು ಕಾಗದದಲ್ಲಿ, ಕಿವಿಯಲ್ಲಲ್ಲ ಎಂದು ಬರೆಸಿದರು. ಕಂಪನಿಯ ಅರ್ಜಿ ವಜಾ ಆಯಿತು. ಟೈಪಿಸ್ಟ್ ಮೂಗು ಸೇದುತ್ತ ಟೈಪ್ ಮಾಡಿದಳು. “ಇನ್ಮೇಲೆ ನೀವು ಈ ಕುರ್ಚಿಗೆ ಬರೋದು ಬೇಡ,” ಎಂದರು ಮೇಡಂ ಅವನಿಗೆ, ಗದರದೆ. “ಬೇರೆ ಯಾರನ್ನಾದ್ರೂ ನೋಡ್ತೀವಿ.” ಹನ್ನೊಂದು ವರ್ಷ ಕೂತಿದ್ದ ಕುರ್ಚಿ. ಬಿಟ್ಟು ಏಳುವಾಗ, ನನಗಿಂತ ಸಾಧಾರಣದವನು ಇವರಿಗೆ ಎಲ್ಲಿ ಸಿಗುತ್ತಾನೆ ಎಂದು ಅವನಿಗೆ ಹೊಟ್ಟೆಕಿಚ್ಚಾಯಿತು.

ಮೆಟ್ಟಿಲಿನ ತಿರುವಿನಲ್ಲಿ ಗಂಟಲಣ್ಣ ಅವನಿಗಾಗಿ ಕಾದಿದ್ದ. ಕೆಳಗೆ ಗೇಟಿನ ಹೊರಗೆ ಗ್ಯಾಲರಿಯ ಮೂವತ್ತು ನಲವತ್ತು ಜನ ಸೇರಿದ್ದರು. ಸುದ್ದಿ ತಿಳಿದಿರಬೇಕು, ಗದ್ದಲ ಏಳುತ್ತಿತ್ತು. ಗಂಟಲಣ್ಣ ಅವನ ಎರಡೂ ಕೈ ಹಿಡಿದುಕೊಂಡ. ಕಣ್ಣು ಒದ್ದೆಯಾಗಿತ್ತು.

“ಬೇಕಂತಲೇ ಓದಿ, ಬೇಕಂತಲೇ ಹೇಳಿದ್ರಲ್ಲ ಸರ್! ಅವ್ರ ಬಲೆಗೆ ಅವ್ರನ್ನೇ ಕೆಡವಿದ್ರಿ. ಏನು ತಲೆ ಸರ್ ನಿಮ್ದು! ನಿಮ್ಮಂಥವ್ರನ್ನ ಸಾಧಾರಣ ಅಂತ ಹೇಗೆ ಕೂರಿಸಿದ್ರೋ!”

ಇದೇ ಮಾತು. ಸೋಮವಾರದಿಂದ ಅವನು ಹಸಿದು ಕಾದಿದ್ದ ಮಾತು ಇದೇ. ಬೇರೆಯವರು ಕೇಳಿಸಿಕೊಳ್ಳಲಿ ಎಂದು ಆಚೀಚೆ ನೋಡಿದ. ಕೆಳಗಿನ ಮೆಟ್ಟಿಲಲ್ಲಿ ಲೆಕ್ಕ ವಿಭಾಗದವನು ನಿಂತು ಕೇಳಿಸಿಕೊಳ್ಳುತ್ತಲೂ ಇದ್ದ. ಹೌದು ಎಂದು ಒಂದು ನಗೆ ನಕ್ಕರೆ ಸಾಕಿತ್ತು. ನಾಳೆಯ ಹೊತ್ತಿಗೆ ಇಡೀ ಕಚೇರಿಗೆ, ಭಾನುವಾರದ ಹೊತ್ತಿಗೆ ಬಟ್ಟೆ ಅಂಗಡಿಗೆ, ಅಲ್ಲಿಂದ ಮನೆಗೆ ತಾನಾಗಿ ಮುಟ್ಟುತ್ತಿತ್ತು. ನಗಲು ಹೋದ. ತುಟಿ ಅಲುಗಿತು, ಆದರೆ ಬಂದದ್ದು ಬೇರೆ.

“ಇಲ್ಲ ಗಂಟಲಣ್ಣ. ನಂಗೆ ನಿಜವಾಗ್ಲೂ ಬೇರೆ ಅಂತಾನೇ ಕೇಳಿಸ್ತು.”

“ದೊಡ್ಡವ್ರು ಹೀಗೇ ಹೇಳೋದು!”

“ದೇವರಾಣೆ. ನಿಮ್ಮನ್ನ ಸೋಲಿಸೋಕೆ ಹೊರಟಿದ್ದೆ. ನೀವು ಸೋಲ್ತೀರಿ ಅಂತ ಗೊತ್ತಿದ್ದೂ ಹೇಳಿದೆ. ಅವ್ಳು ಪೆನ್‌ಡ್ರೈವ್ ಬದಲಾಯಿಸಿದ್ದಿದ್ರೆ ನೀವು ಈಗ…”

ಗಂಟಲಣ್ಣ ಕೈ ಬಿಟ್ಟ. ಅವನ ಮುಖವನ್ನು ಹುಡುಕಿ ಹುಡುಕಿ ನೋಡಿದ. ಈ ಸಲ ನಂಬಿದ.

“ಯಾಕೆ ಸರ್? ನಾನು ನಿಮಗೇನು ಮಾಡಿದ್ದೆ?”

“ಏನೂ ಇಲ್ಲ. ನಾನು ಸಾಧಾರಣದವನಲ್ಲ ಅಂತ ಒಂದು ಸಲ, ಒಂದೇ ಸಲ, ಎಲ್ಲರಿಗೂ ತೋರಿಸ್ಬೇಕಿತ್ತು. ಅಷ್ಟೇ.”

ಹೇಳಿ ಬೈಗುಳಕ್ಕೆ ಕಾದು ನಿಂತ. ಬೈದರೆ ಒಳ್ಳೆಯದಿತ್ತು, ಒಂದು ಏಟು ಹಾಕಿದರೂ ಆಗುತ್ತಿತ್ತು. ಗಂಟಲಣ್ಣ ಕೆಳಗಿನ ಜನರನ್ನು ನೋಡಿದ, ಮತ್ತೆ ಅವನನ್ನು ನೋಡಿದ. ಗಂಟಲಣ್ಣನಿಗೆ ಏನೋ ನಗು ಬಂದ ಹಾಗಿತ್ತು.

“ಹಗಲೆಲ್ಲ ಕತ್ತರಿ ಹಿಡಿದು ಬೇರೆಯವ್ರ ತಲೆ ನೋಡೋನು ನಾನು, ನನ್ನನ್ನ ಯಾರೂ ನೋಡಲ್ಲ. ಇಪ್ಪತ್ತು ವರ್ಷ ಮತ್ಯಾಕೆ ಕೂಗ್ದೆ ಅಂದ್ಕೊಂಡ್ರಿ ಸರ್?”

ಎರಡೆರಡು ಮೆಟ್ಟಿಲು ಹಾರುತ್ತ ಇಳಿದುಹೋದ. ಗೇಟಿನ ಹೊರಗೆ ಅವನನ್ನು ಯಾರೋ ಎತ್ತಿಕೊಂಡರು. ಆ ಸಣ್ಣ ಮೈಯೊಳಗಿಂದ ಇಡೀ ಬೀದಿ ತುಂಬುವಂಥ ಒಂದು ‘ಓ’ ಎದ್ದಿತು. ಕಿಟಕಿಗಳು ತೆರೆದವು. ಮೇಲೆ, ತಿರುವಿನಲ್ಲಿ, ಕಂಬಿ ಹಿಡಿದು ನಿಂತಿದ್ದ ಅವನು ಆಚೀಚೆ ನೋಡಲಿಲ್ಲ. ಮುಂದಿನ ‘ಹೊಯ್’ಗೆ ಮೆಲ್ಲಗೆ ಗಂಟಲು ಸರಿಮಾಡಿಕೊಂಡ.